ಬಿಸಿಲುಂಡು ಕಾಯಲು ದಾಟುವ ‘ಆದಿತ್ಯ’

ಜೆಟ್ಟಿಯಲ್ಲಿ ನಿಂತು ನೋಡಿದರೆ ‘ಆದಿತ್ಯ’ ಅಷ್ಟೇನೂ ಚೆಂದದ ದೋಣಿಯಲ್ಲ. ಜೋಡಿ ಒಡಲು, ಅವುಗಳ ಮೇಲೆ ಸಾಲು ಕುರ್ಚಿಗಳ ಉದ್ದ ಕೋಣೆ, ಅದರ ನೆತ್ತಿಗೆ ಅಗಲವಾದ ಚಪ್ಪಟೆ ಚಾವಣಿ. ಆ ಚಾವಣಿಯ ತುಂಬ ಸೌರಫಲಕಗಳು. ಇದರ ವಿಶೇಷ ಗೊತ್ತಾಗುವುದು ಹಗ್ಗ ಬಿಚ್ಚಿದ ಮೇಲೆ. ಎಂಜಿನ್ನಿನ ಗುಡುಗಿಲ್ಲ, ಕಾಲಡಿಯ ನೆಲ ನಡುಗುವುದಿಲ್ಲ, ಡೀಸೆಲ್ ಹೊಗೆ ಮೂಗಿಗೆ ಅಡರುವುದಿಲ್ಲ. ಪಕ್ಕದವರೊಡನೆ ದನಿ ಏರಿಸದೆ ಮಾತಾಡಬಹುದು. ಮಾತು ಮುಗಿಯುವಷ್ಟರಲ್ಲಿ, ಸುಮಾರು ಕಾಲು ಗಂಟೆಗೆ, ಆಚೆ ದಡ ಬಂದಿರುತ್ತದೆ.

ಈಚೆ ದಡ ಕೊಟ್ಟಾಯಂ ಜಿಲ್ಲೆಯ ವೈಕಂ. 1924–25ರ ಸತ್ಯಾಗ್ರಹದಿಂದ ಇಡೀ ದೇಶಕ್ಕೆ ಪರಿಚಿತವಾದ ಊರು. ಆಚೆಯದು ಆಲಪ್ಪುಳ ಜಿಲ್ಲೆಯ ತವಣಕ್ಕಡವು. ನಡುವೆ ವೇಂಬನಾಡು ಕಾಯಲು, ಅಂದರೆ ಹಿನ್ನೀರಿನ ಸರೋವರ. ಕೇರಳ ರಾಜ್ಯ ಜಲಸಾರಿಗೆ ಇಲಾಖೆ ಇಲ್ಲಿ ಬಹುಕಾಲದಿಂದ ದೋಣಿ ಓಡಿಸುತ್ತಿದೆ. 2017ರ ಜನವರಿಯಲ್ಲಿ ಅದೇ ದಾರಿಗೆ ಇಳಿದ ‘ಆದಿತ್ಯ’ ಭಾರತದ ಮೊದಲ ಸೌರ ಪ್ರಯಾಣಿಕ ದೋಣಿ. ಪ್ರವಾಸಿಗರ ಮೋಜಿಗೆಂದು ಕಟ್ಟಿದ್ದಲ್ಲ. ಟಿಕೆಟ್ ಕೊಂಡು ಶಾಲೆಗೆ, ಕೆಲಸಕ್ಕೆ, ಪೇಟೆಗೆ ಹೋಗುವವರ ದೋಣಿ.

ಇದನ್ನು ಕಟ್ಟಿದ್ದು ಕೊಚ್ಚಿಯ ನವಾಲ್ಟ್. ದೋಣಿ ವಿನ್ಯಾಸದಲ್ಲಿ ಪಳಗಿದ ಕೊಚ್ಚಿಯದೇ ಸಂಸ್ಥೆ ನವಗತಿ, ಫ್ರಾನ್ಸಿನ ಆಲ್ಟೆನ್ ಮತ್ತು ಈವ್ ಸಿಸ್ಟಮ್ಸ್ ಎಂಬ ಮೂರು ಸಂಸ್ಥೆಗಳು ಕೂಡಿ ಹುಟ್ಟುಹಾಕಿದ ಜಂಟಿ ಉದ್ಯಮ ಇದು. ಮುಂದಾಳು ಮದ್ರಾಸ್ ಐಐಟಿಯಲ್ಲಿ ನೌಕಾ ವಿನ್ಯಾಸ ಕಲಿತ ಸಂದಿತ್ ತಂಡಾಶ್ಶೇರಿ. ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೋಷೆಲ್ ಬಂದರಿನ ಆಲ್ಟೆನ್‌ಗೆ ಸೌರ ವಿದ್ಯುತ್ತಿನ ದೋಣಿಗಳ ಅನುಭವ ಮೊದಲೇ ಇತ್ತು. ಆದರೆ ಬಂದರಿನ ದೋಣಿಯನ್ನು ತಂದು ಕಾಯಲಿಗೆ ಇಳಿಸಿದರೆ ಕೆಲಸ ಮುಗಿಯುವುದಿಲ್ಲ. ಇಲ್ಲಿನ ದೋಣಿಗೆ 75 ಜನ ಹತ್ತಬೇಕು, ದಿನಕ್ಕೆ ಇಪ್ಪತ್ತೆರಡು ಸಲ ದಾಟಬೇಕು, ಜೂನ್-ಜುಲೈಯ ಕಾರ್ಮೋಡದಲ್ಲೂ ಸಮಯಕ್ಕೆ ಹೊರಡಬೇಕು.

ಈ ಬೇಡಿಕೆಗೆ ಉತ್ತರ ಸಿಕ್ಕಿದ ಬಗೆ ನೋಡುವಂಥದ್ದು. ಚಾವಣಿಯ ಮೇಲೆ ಕೂರುವುದು 20 ಕಿಲೊವಾಟ್ ಫಲಕ, ಅಷ್ಟೇ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೊವಾಟ್ ಫಲಕ ಒಳ್ಳೆಯ ದಿನ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುತ್ತದೆ. ಅಂದರೆ ದಿನಕ್ಕೆ ಸುಮಾರು 80 ಯೂನಿಟ್. ಇಪ್ಪತ್ತೆರಡು ದಾಟಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕು ಯೂನಿಟ್ಟೂ ಬರುವುದಿಲ್ಲ. 75 ಜನರನ್ನು ಎರಡೂವರೆ-ಮೂರು ಕಿಲೊಮೀಟರ್ ಸಾಗಿಸಲು ಸಿಗುವ ಪಡಿ ಇಷ್ಟು. ಸಂಬಳ ಹೆಚ್ಚುವುದಿಲ್ಲ ಎಂದು ಗೊತ್ತಿರುವ ಮನೆಯಂತೆ ಇಲ್ಲಿಯೂ ಖರ್ಚನ್ನೇ ಹಿಡಿಯಬೇಕು.

ಹಿಡಿದದ್ದೂ ಹಾಗೆಯೇ. ಉಕ್ಕು, ಮರ ಬಿಟ್ಟು ಒಡಲಿಗೆ ಫೈಬರ್‌ಗ್ಲಾಸ್ ಬಳಸಿದರು, ದೋಣಿ ಹಗುರವಾಯಿತು. ಒಂದೇ ದಪ್ಪ ಒಡಲಿನ ಬದಲು ತೆಳುವಾದ ಎರಡನ್ನು ಅಗಲಿಸಿ ಇಟ್ಟರು. ಅವು ನೀರನ್ನು ತಳ್ಳಿಕೊಂಡು ಹೋಗುವ ಬದಲು ಸೀಳಿಕೊಂಡು ಹೋಗುತ್ತವೆ. ಅಗಲ ಹೆಚ್ಚಿದ್ದರಿಂದ ಓಲಾಟ ತಗ್ಗಿತು, ಫಲಕ ಹಾಸಲು ಚಾವಣಿಯೂ ದೊಡ್ಡದಾಯಿತು. 20 ಮೀಟರ್ ಉದ್ದ, 7 ಮೀಟರ್ ಅಗಲದ ದೋಣಿಗೆ ತಲಾ 20 ಕಿಲೊವಾಟ್‌ನ ಎರಡು ಮೋಟಾರು ಸಾಕಾದವು. ವೇಗಕ್ಕೂ ಆಸೆಪಡಲಿಲ್ಲ: ಗಂಟೆಗೆ ಹತ್ತು ಕಿಲೊಮೀಟರಿನ ಆಚೀಚೆ. ನೀರಿನಲ್ಲಿ ವೇಗ ಸ್ವಲ್ಪ ಏರಿಸಿದರೂ ವಿದ್ಯುತ್ತಿನ ಖರ್ಚು ಅದಕ್ಕಿಂತ ಎಷ್ಟೋ ಪಾಲು ಏರುತ್ತದೆ. ಉಳಿದ ಕೊರತೆ ತುಂಬಲು 50 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. ರಾತ್ರಿ ಜೆಟ್ಟಿಯಲ್ಲಿ ಅದನ್ನು ಗ್ರಿಡ್ಡಿನಿಂದ ತುಂಬಿಸಿಕೊಳ್ಳುತ್ತಾರೆ. ಮಳೆಗಾಲದ ಆಪದ್ಧನವೂ ಅದೇ.

ಫಲಿತಾಂಶ ಲೆಕ್ಕದಲ್ಲೇ ಕಾಣುತ್ತದೆ. ನಿರ್ಮಾಪಕರ ಪ್ರಕಾರ ಡೀಸೆಲ್ ದೋಣಿಗೆ ದಿನಕ್ಕೆ ₹8,000ದಷ್ಟು ಇಂಧನ ಬೇಕಿದ್ದಲ್ಲಿ ‘ಆದಿತ್ಯ’ನ ವಿದ್ಯುತ್ ಬಿಲ್ಲು ₹180ರಷ್ಟು. ಮೊದಲ ಮೂರು ವರ್ಷದಲ್ಲಿ ಉಳಿದ ಡೀಸೆಲ್ ಸುಮಾರು ಒಂದು ಲಕ್ಷ ಲೀಟರ್. 2020ರಲ್ಲಿ ಇದಕ್ಕೆ ಗುಸ್ತಾವ್ ತ್ರೂವೆ ಹೆಸರಿನ ಅಂತರರಾಷ್ಟ್ರೀಯ ವಿದ್ಯುತ್ ದೋಣಿ ಪ್ರಶಸ್ತಿ ಬಂತು. ತ್ರೂವೆ 1881ರಲ್ಲೇ ಪ್ಯಾರಿಸ್ಸಿನ ಸೆನ್ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿ ತೋರಿಸಿದವನು.

ಹೊರನಾಡಿನ ವಿದ್ಯೆ ಕೇರಳದ ನೀರಿಗೆ ಇಳಿದದ್ದು ಇದೇ ಮೊದಲೇನಲ್ಲ. ತಿರುವನಂತಪುರದ ಪಕ್ಕದ ವಿಳಿಂಜಂನಲ್ಲಿ ಮದ್ರಾಸ್ ಐಐಟಿಯ ವಿಜ್ಞಾನಿಗಳು ಕಟ್ಟಿದ 150 ಕಿಲೊವಾಟ್‌ನ ಅಲೆವಿದ್ಯುತ್ ಸ್ಥಾವರ 1991ರಲ್ಲಿ ಕೆಲಸ ಆರಂಭಿಸಿತು. ಸಮುದ್ರದಲ್ಲಿ ಕೂರಿಸಿದ ದೊಡ್ಡ ಕಾಂಕ್ರೀಟ್ ಪೆಟ್ಟಿಗೆ. ಒಳಗಿನ ನೀರು ಅಲೆಯೊಂದಿಗೆ ಏರಿದಾಗ ಮೇಲಿನ ಗಾಳಿ ಹೊರಗೆ ನುಗ್ಗುತ್ತದೆ, ಇಳಿದಾಗ ಒಳಗೆ ಸೆಳೆದುಕೊಳ್ಳುತ್ತದೆ. ಗಾಳಿ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ತಿರುಗುವ ಟರ್ಬೈನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಅಲನ್ ವೆಲ್ಸ್ ಕಂಡುಹಿಡಿದದ್ದು. ಮುಂದೆ ಜಪಾನಿನ ಸಾಗಾ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ವಿಜ್ಞಾನಿಗಳ ಜೊತೆ ಸೇರಿ ಬೇರೆ ಬಗೆಯ ಟರ್ಬೈನನ್ನೂ ಅಭ್ಯಾಸ ಮಾಡಿದರು. ವಿಜ್ಞಾನದ ಮಟ್ಟಿಗೆ ದೊಡ್ಡ ಸಾಹಸ. ಆದರೆ ಒಂದು ಅಲೆಯಿಂದ ಇನ್ನೊಂದಕ್ಕೆ, ಮಳೆಗಾಲದಿಂದ ಬೇಸಿಗೆಗೆ ವಿದ್ಯುತ್ತು ಏರಿಳಿಯುತ್ತಿತ್ತು. ಗ್ರಿಡ್ಡಿಗೆ ಇಂಥ ಚಂಚಲ ಅತಿಥಿ ಒಗ್ಗುವುದು ಕಷ್ಟ. ಕೆಲ ಕಾಲ ಅದರಿಂದ ಸಮುದ್ರದ ನೀರನ್ನು ಸಿಹಿಯಾಗಿಸುವ ಪ್ರಯೋಗವೂ ನಡೆಯಿತು. ಕೊನೆಗೆ ಸ್ಥಾವರ ಮುಚ್ಚಿತು. ವಿಳಿಂಜಂ ಹೊರಟದ್ದು ಸಮುದ್ರದಲ್ಲಿ ಎಷ್ಟು ಶಕ್ತಿಯಿದೆ ಎಂಬ ಪ್ರಶ್ನೆಯಿಂದ. ವೈಕಂ ಹೊರಟದ್ದು ಪ್ರಯಾಣಿಕರಿಗೆ ಎಷ್ಟು ಬೇಕು ಎಂಬಲ್ಲಿಂದ.

ಕೊಚ್ಚಿ ಈಗ ಇನ್ನೂ ದೊಡ್ಡ ಹೆಜ್ಜೆ ಇಟ್ಟಿದೆ. ಇನ್ಫೋಪಾರ್ಕ್ ಇರುವ ಕಾಕ್ಕನಾಡ್‌ನ ಸಂಜೆ ಟ್ರಾಫಿಕ್ಕನ್ನು ವೈಟ್‌ಫೀಲ್ಡ್ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಆರಂಭವಾದ ವಾಟರ್ ಮೆಟ್ರೊದ ಮೊದಲ ದಾರಿಗಳಲ್ಲಿ ವೈಟ್ಟಿಲ–ಕಾಕ್ಕನಾಡ್ ಒಂದು. ದೋಣಿ ಕಟ್ಟಿದ್ದು ಕೊಚ್ಚಿ ಶಿಪ್‌ಯಾರ್ಡ್. ಯೋಜನೆಗೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕು ಎಂಟೂವರೆ ಕೋಟಿ ಯೂರೊ ಸಾಲ ಕೊಟ್ಟಿದೆ. ನೂರು ಜನರ ಈ ಹವಾನಿಯಂತ್ರಿತ ದೋಣಿಗಳ ಬ್ಯಾಟರಿ ಜೆಟ್ಟಿಯಲ್ಲೇ ಹತ್ತು-ಹದಿನೈದು ನಿಮಿಷದಲ್ಲಿ ತುಂಬುತ್ತದೆ. ಆದರೆ ಅದು ಗ್ರಿಡ್ಡಿನ ವಿದ್ಯುತ್ತು. ಗ್ರಿಡ್ಡು ಎಷ್ಟು ಶುದ್ಧವೋ ದೋಣಿಯೂ ಅಷ್ಟೇ ಶುದ್ಧ. ವೇಗ, ತಂಪು, ದೂರ ಬೇಕೆಂದಾಗ ತೆರುವ ಬೆಲೆ ಅದು.

ಕನ್ನಡಿಗರಿಗೂ ಈ ಲೆಕ್ಕ ಹೊರಗಿನದಲ್ಲ. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾದವರೇ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳಿಗೆ ವಾಟರ್ ಮೆಟ್ರೊ ತರುವ ಆಲೋಚನೆ ಕರ್ನಾಟಕ ಜಲಸಾರಿಗೆ ಮಂಡಳಿಯ ಮುಂದಿದೆ. ಅಲ್ಲಿ ಬೆಂಗ್ರೆಯಿಂದ ಬಂದರಿಗೆ ಜನ ಇಂದಿಗೂ ದೋಣಿಯಲ್ಲೇ ದಾಟುತ್ತಾರೆ. ಹೊಳೆಯ ಅಗಲ ಕಡಿಮೆ, ಓಡಾಟ ದಿನವಿಡೀ: ‘ಆದಿತ್ಯ’ನಂಥ ದೋಣಿಗೆ ಹೇಳಿ ಮಾಡಿಸಿದ ದಾರಿ. ಫ್ರಾನ್ಸಿನ ಅನುಭವ, ಜರ್ಮನಿಯ ಸಾಲ ಆಮೇಲೆ ಹುಡುಕಬಹುದು. ಬೆಳಿಗ್ಗೆ ಎಂಟಕ್ಕೆ ಬೆಂಗ್ರೆಯಿಂದ ಎಷ್ಟು ಜನ ಹತ್ತುತ್ತಾರೆ ಎಂದು ಮೊದಲು ಎಣಿಸಿಕೊಳ್ಳಲಿ.