ಸೆಕೆಂಡಿಗೆ 56 ಲಕ್ಷ ಸವಾಲು

ವಾಡಿ ಜಂಕ್ಷನ್‌ನಲ್ಲಿ ಸಿಕಂದರಾಬಾದ್ ಕಡೆಯ ರೈಲು ಹತ್ತಿದವರು ಚಿತ್ತಾಪುರ ದಾಟಿ ಸೇಡಂ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಏನೆಲ್ಲ ನೋಡಿ ಮುಗಿಸಿರುತ್ತಾರೆ: ತೊಗರಿ ರೇಟು, ಕ್ರಿಕೆಟ್ ಸ್ಕೋರು, ಮಂಡಿನೋವಿನ ಮದ್ದು. ಜಾಹೀರಾತು ಇರುವ ಪುಟ ತೆರೆದುಕೊಳ್ಳುವ ಹೊತ್ತಿಗೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲಿ, ಒಂದು ಹರಾಜು ನಡೆದುಹೋಗಿರುತ್ತದೆ. ಓದುತ್ತಿರುವುದು ಏನು, ಫೋನು ಯಾವುದು, ಹೆಚ್ಚುಕಡಿಮೆ ಯಾವ ಊರು ಎಂಬ ವಿವರ ಕಂಪನಿಗಳ ಮುಂದೆ ಬೀಳುತ್ತದೆ. ಹೆಚ್ಚು ಬೆಲೆ ಕೂಗಿದವರ ಜಾಹೀರಾತು ಪರದೆಗೆ ಬರುತ್ತದೆ.

ಎಪಿಎಂಸಿಯಲ್ಲಿ ತೊಗರಿ ಸವಾಲಿಗೆ ನಿಂತು ಸೋತ ವ್ಯಾಪಾರಿ ಬರಿಗೈಲಿ ಮನೆಗೆ ಹೋಗುತ್ತಾನೆ. ಇಲ್ಲಿ ಸೋತವರ ಕೈಗೂ ಮಾಲು ಸಿಕ್ಕಿರುತ್ತದೆ. ಮಾಲೆಂದರೆ ನಿಮ್ಮ ಮಂಡಿನೋವು.

ಐರಿಷ್ ಕೌನ್ಸಿಲ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ 2022ರ ಮೇ ತಿಂಗಳಲ್ಲಿ ಇದರ ಲೆಕ್ಕ ಹೊರಗಿಟ್ಟಿತು. ಅಮೆರಿಕ, ಯುರೋಪುಗಳಲ್ಲೇ ಜನರ ವಿವರ ಹೀಗೆ ವರ್ಷಕ್ಕೆ 178 ಲಕ್ಷ ಕೋಟಿ ಸಲ ಬಿಕರಿಯ ಕಟ್ಟೆಗೆ ಬರುತ್ತಿತ್ತು. ಸರಾಸರಿ ಅಮೆರಿಕನ್ನನ ಪಾಲಿಗೆ ದಿನಕ್ಕೆ 747 ಸಲ, ಯುರೋಪಿನವನಿಗೆ 376. ಫೇಸ್‌ಬುಕ್, ಅಮೆಜಾನ್ ನಡೆಸುವ ಹರಾಜು ಇದರಲ್ಲಿ ಸೇರಿಲ್ಲ. ಭಾರತವಂತೂ ಇಲ್ಲವೇ ಇಲ್ಲ. ವರ್ಷದ ಸೆಕೆಂಡುಗಳಿಂದ ಭಾಗಿಸಿ ನೋಡಿ, ಸೆಕೆಂಡಿಗೆ 56 ಲಕ್ಷ ಬರುತ್ತದೆ. ಶಹಾಬಾದ್, ಚಿಂಚೋಳಿ ಎಲ್ಲ ಸೇರಿ ಕಲಬುರಗಿ ಜಿಲ್ಲೆಯ ಜನ 2011ರ ಗಣತಿಯಲ್ಲಿ 25,66,326. ತೊಟ್ಟಿಲ ಕೂಸನ್ನೂ ಬಿಡದೆ ಇಡೀ ಜಿಲ್ಲೆಯನ್ನು ಸೆಕೆಂಡಿಗೆ ಎರಡೆರಡು ಸಲ ಸವಾಲಿಗಿಟ್ಟರೂ ಅಷ್ಟಾಗುವುದಿಲ್ಲ.

ಈ ಕತ್ತಲ ವ್ಯಾಪಾರಕ್ಕೆ ದೀಪ ಹಿಡಿದವರಲ್ಲಿ ಓದುವ ಹುಡುಗರೂ ಇದ್ದಾರೆ. ಓದುಗರ ಜಾಡು ಹಿಡಿಯುವ ಕುಕಿ ಎಂಬ ಗುರುತುಚೀಟಿಗೆ ಸಫಾರಿ ಬ್ರೌಸರ್ ಒಡ್ಡಿದ್ದ ತಡೆಯನ್ನು ಗೂಗಲ್ ನುಸುಳಿ ದಾಟುತ್ತಿದ್ದುದನ್ನು 2012ರಲ್ಲಿ ಬಯಲಿಗೆಳೆದ ಜೊನಾಥನ್ ಮೇಯರ್ ಆಗ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ. ಗೂಗಲ್ ತೆತ್ತ ದಂಡ 2.25 ಕೋಟಿ ಡಾಲರ್. 2016ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧನಾ ವಿದ್ಯಾರ್ಥಿ ಸ್ಟೀವನ್ ಎಂಗಲ್‌ಹಾರ್ಟ್, ಗುರು ಅರವಿಂದ ನಾರಾಯಣನ್ ಜೊತೆ ಸೇರಿ 10 ಲಕ್ಷ ಜಾಲತಾಣಗಳನ್ನು ಯಂತ್ರದಿಂದಲೇ ತೆರೆಸಿ ನೋಡಿದರು. ಕನಿಷ್ಠ ಎರಡು ತಾಣಗಳಲ್ಲಾದರೂ ಠಿಕಾಣಿ ಹೂಡಿದ್ದ, ಆ ತಾಣಗಳ ಒಡೆಯರಲ್ಲದ ಹೊರಗಿನವರ ಸಂಖ್ಯೆ 81,000. ನನಗೆ ಬೆರಗು ಆ ಸಂಖ್ಯೆಯಲ್ಲ. ನೂರಕ್ಕೆ ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಇದ್ದವರು ಅವರಲ್ಲಿ 123 ಮಾತ್ರ. ನೂರಕ್ಕೆ ಹತ್ತು ದಾಟಿದ ಕಂಪನಿಗಳು ಬೆರಳೆಣಿಕೆಯಷ್ಟೇ, ಗೂಗಲ್, ಫೇಸ್‌ಬುಕ್, ಟ್ವಿಟರ್ ಸೇರಿ. ಹೊರಗಿನವರು ಕಡಿಮೆ ಕಂಡದ್ದು ಸರ್ಕಾರ, ವಿಶ್ವವಿದ್ಯಾಲಯಗಳ ತಾಣಗಳಲ್ಲಿ. ಎಲ್ಲಕ್ಕಿಂತ ಹೆಚ್ಚು ಕಿಕ್ಕಿರಿದಿದ್ದದ್ದು ಸುದ್ದಿ ತಾಣಗಳಲ್ಲಿ: ಪುಕ್ಕಟೆ ಓದಿಸುವವರಿಗೆ ಜಾಹೀರಾತು ಬಿಟ್ಟರೆ ಬೇರೆ ಆದಾಯ ಕಡಿಮೆ.