ಮೂಗು ಸೋರಿದರೆ ಹೊಟ್ಟೆಗೆ ಮಾತ್ರೆ

ಚನ್ನಪಟ್ಟಣದಿಂದ ಮಾಗಡಿವರೆಗೆ ಮೆಡಿಕಲ್ ಸ್ಟೋರ್‌ಗಳ ಮುಂದೆ ಕೇಳಿಬರುವ ಮಾತು ಒಂದೇ: ‘ಗ್ಯಾಸ್ಟ್ರಿಕ್ ತಲೆಗೇರಿದೆ, ಅದಕ್ಕೇ ಸೀನು. ಒಂದು ಪ್ಯಾನ್ ಫಾರ್ಟಿ ಕೊಡಿ.’ ಬೆನ್ನುನೋವು, ತಲೆಸುತ್ತು, ಮಂಡಿನೋವಿನ ಹೊಣೆ ಹೊತ್ತಿದ್ದ ಗ್ಯಾಸ್ಟ್ರಿಕ್ ಈಗ ಮೂಗನ್ನೂ ವಹಿಸಿಕೊಂಡಿದೆ. ಹುಳಿ ಗಂಟಲಿಗೆ ಬಂದರೆ ಕೆಮ್ಮು ಬಂದೀತು, ಒಪ್ಪೋಣ. ಕಣ್ಣು ತುರಿಸಿ, ಸಾಲುಸಾಲು ಸೀನು ಬಂದು, ಮೂಗಲ್ಲಿ ನೀರಿಳಿಯುವುದು ಹೊಟ್ಟೆಯ ಕೆಲಸವಲ್ಲ.

ಎರಡೂ ಕಡೆ ಹಿಸ್ಟಮಿನ್ ಎಂಬ ರಾಸಾಯನಿಕ ಇದೆ ಎನ್ನುವುದು ನಿಜ. ಪರಾಗ ತಾಗಿದಾಗ ಮೂಗನ್ನು ಕೆರಳಿಸುವುದು ಅದೇ, ಹೊಟ್ಟೆಯಲ್ಲಿ ಆಮ್ಲ ಸುರಿಸುವುದೂ ಅದೇ. ಆದರೆ ಮೂಗಿನಲ್ಲಿ ಅದಕ್ಕೆ ಓಗೊಡುವುದು ಮುಖ್ಯವಾಗಿ ಎಚ್1 ಗ್ರಾಹಕ, ಹೊಟ್ಟೆಯಲ್ಲಿ ಎಚ್2. ಸೆಟ್ರಿಜಿನ್ ಮೊದಲನೆಯದನ್ನು ತಡೆಯುತ್ತದೆ, ರಾನಿಟಿಡಿನ್ ಎರಡನೆಯದನ್ನು. ಪ್ಯಾನ್ ಫಾರ್ಟಿಯಲ್ಲಿರುವ ಪ್ಯಾಂಟೊಪ್ರಜೋಲ್ ಇವೆರಡರ ತಂಟೆಗೂ ಹೋಗದೆ ಆಮ್ಲದ ಪಂಪನ್ನೇ ನಿಲ್ಲಿಸುತ್ತದೆ. ಸೀನಿಗೆ ಅದನ್ನು ನುಂಗಿದರೆ ಸೀನು ಹಾಗೇ ಇರುತ್ತದೆ. ಇನ್ನೂ ತಮಾಷೆಯೆಂದರೆ, 2019ರಲ್ಲಿ ಆಸ್ಟ್ರಿಯಾದ ಸಂಶೋಧಕರು ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿದಾಗ, ಆಮ್ಲ ತಗ್ಗಿಸುವ ಮಾತ್ರೆ ಪಡೆದವರಿಗೆ ಆಮೇಲೆ ಅಲರ್ಜಿ ಔಷಧಿ ಬರೆದುಕೊಡುವುದು ಸುಮಾರು ಇಮ್ಮಡಿಯಾಗಿತ್ತು. ಮಾತ್ರೆಯೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಬೆಳಗಾದರೆ ಚೀಟಿಯಿಲ್ಲದೆ ನುಂಗುವವರು ಒಮ್ಮೆ ಯೋಚಿಸಲಿ.

ಇನ್ನು ಮಾವಿನ ಹೂವು. ರಾಮನಗರ, ಕನಕಪುರದ ತೋಪುಗಳು ಹೂ ಬಿಟ್ಟೊಡನೆ ಸೀನಿಗೆಲ್ಲ ಅದೇ ಕಾರಣವೆಂದು ಅದಕ್ಕೊಂದು ಶಾಪ. ಅದರ ಪರಾಗ ಅಂಟಂಟು; ನೊಣ, ಜೇನುಹುಳು ಹೊರಬೇಕು. ಗಾಳಿಗೆ ದೂರ ಹಾರದು. ತೋಪಿನ ಪಕ್ಕ ಮೂಗು ಉರಿದರೆ ಜಿಗಿಹುಳಕ್ಕೆ ಹೊಡೆದ ಔಷಧಿಯನ್ನೂ ಅನುಮಾನಿಸಿ. ಮಳೆ ಬಿದ್ದಮೇಲೆ ಬೀಳುಭೂಮಿಯಲ್ಲಿ, ರಸ್ತೆಬದಿಯಲ್ಲಿ ಬೆಳ್ಳಗೆ ಅರಳಿ ಅಲರ್ಜಿ ತರುವ ಕಾಂಗ್ರೆಸ್ ಗಿಡವನ್ನು ಮಾತ್ರ ಯಾರೂ ಬೈಯುವುದಿಲ್ಲ. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆಯಿತು, ಗಿಡ ಇನ್ನೂ ಇದೆ.

ಊರ ಜೇನು ತಿಂದರೆ ಅಲರ್ಜಿ ಹೋಗುತ್ತದಂತೆ. ಸೀನು ತರಿಸುವುದು ಹೆಚ್ಚಾಗಿ ಗಾಳಿಯಲ್ಲಿ ತೇಲುವ ಪರಾಗ, ಜೇನಿನಲ್ಲಿರುವುದು ಹೆಚ್ಚಾಗಿ ಬೇರೆಯದು. ಖಾರ ಬಿಟ್ಟರೆ ಹೊಟ್ಟೆಯ ಉರಿಯೂತ ವಾಸಿಯಂತೆ. ಅದಕ್ಕೆ ಹೆಚ್ಚಾಗಿ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾಕ್ಕೂ ನೋವಿನ ಮಾತ್ರೆಗೂ ನಿಮ್ಮ ಪಥ್ಯ ಗೊತ್ತಿಲ್ಲ. ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಹಿಸುಕಿ ನೋಡುವ ಜನ, ಆರೋಗ್ಯದ ಮಾತನ್ನು ವಾಟ್ಸಾಪಿನಲ್ಲಿ ಬಂದ ಹಾಗೇ ನುಂಗುತ್ತಾರೆ!

ಅಲರ್ಜಿಗೂ ಜೀರ್ಣಾಂಗಕ್ಕೂ ನಂಟೇ ಇಲ್ಲವೆಂದಲ್ಲ. ಪರಾಗದ ಅಲರ್ಜಿ ಇರುವ ಕೆಲವರಿಗೆ ಹಸಿ ಹಣ್ಣು ತಿಂದೊಡನೆ ಬಾಯಿ ತುರಿಸುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದಲ್ಲಿ ಸೇರಿ ಬರುವ ಉರಿಯೂತವೂ ಉಂಟು. ಆಗ ತುತ್ತು ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥವರೂ ಸೋಡಾ ಕುಡಿದು ‘ಗ್ಯಾಸ್’ ಎಂದು ಮಲಗುತ್ತಾರೆ. ಅವರಿಗೆ ಬೇಕಾದದ್ದು ಎಂಡೋಸ್ಕೋಪಿ, ಜೊತೆಗೆ ಬಯಾಪ್ಸಿ. ಬರಿಗಣ್ಣಿಗೆ ಅನ್ನನಾಳ ಚೆನ್ನಾಗಿಯೇ ಕಂಡರೂ ಚೂರು ತೆಗೆದು ಪರೀಕ್ಷಿಸಬೇಕು.