ಊಟದ ಮೇಜಿನ ಮೇಲೆ ಹೊನ್ನಾವರದ ಮುತ್ತಿಗೆ

ಮೂವತ್ತರ ಆಸುಪಾಸಿನವರು, ದಿನವಿಡೀ ಲ್ಯಾಪ್‌ಟಾಪ್ ನೋಡಿ ಕಣ್ಣು ಕೆಂಪಾದವರು, ಸಂಜೆ ಕೂತು ಗೊಂಬೆ ಆಡ್ತಾರಾ? ಆಡ್ತಾರೆ. ಆ ಗೊಂಬೆಗಳಿಗೆ ತಾವೇ ಬಣ್ಣ ಬಳೀತಾರೆ, ಟೇಪ್ ಹಿಡಿದು ಅಳೀತಾರೆ, ದಾಳ ಉರುಳಿಸಿ ತಲೆ ಮೇಲೆ ಕೈ ಇಟ್ಕೋತಾರೆ. ಇದಕ್ಕೆ ಮಿನಿಯೇಚರ್ ವಾರ್‌ಗೇಮಿಂಗ್ ಅಂತ ಹೆಸರು. ನಮ್ಮ ಮಾತಲ್ಲಿ ಹೇಳೋದಾದ್ರೆ ಗೊಂಬೆ ಸೈನ್ಯದ ಕಾಳಗ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ಕಂಡ ಈ ಆಟ, ವರ್ಕ್ ಫ್ರಮ್ ಹೋಮ್ ಸಿಕ್ಕಿದ ಮೇಲೆ ನನ್ನ ಜೊತೆ ಇಡಗುಂಜಿಗೂ ಬಂತು.

ಇದು ನಾಲ್ಕು ಜನರ ಖಯಾಲಿ ಅಂದುಕೊಳ್ಳಬೇಡಿ. ವಾರ್‌ಹ್ಯಾಮರ್ ಎಂಬ ಆಟದ ಗೊಂಬೆಗಳನ್ನು ಮಾಡುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿತು. ಬ್ಯಾಂಕು, ತೈಲ, ಔಷಧ ಕಂಪನಿಗಳ ಸಾಲಿನಲ್ಲಿ ಒಂದು ಗೊಂಬೆ ಕಂಪನಿ!

ಆಡೋದು ಹೇಗೆ?

ಒಂದು ಗೊಂಬೆ ಸಾಮಾನ್ಯವಾಗಿ 28 ಮಿಲಿಮೀಟರ್ ಅಳತೆಯದ್ದು, ಹಣ್ಣಡಿಕೆಗಿಂತ ಗಿಡ್ಡ. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಮೇಜೇ ರಣರಂಗ. ಕಾಲಾಳು ಒಂದು ಸರದಿಯಲ್ಲಿ ಇಷ್ಟು ಇಂಚು ನಡೀಬಹುದು, ಕುದುರೆ ಅದರ ಎರಡರಷ್ಟು, ತೋಪು ಇಷ್ಟು ದೂರ ಹೊಡೀಬಹುದು ಅಂತ ನಿಯಮ ಇರುತ್ತೆ. ಗುಂಡು ತಾಗಿತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತೆ. ಗೋಡೆ ಹಿಂದೆ ನಿಂತವನಿಗೆ ಹೊಡೆಯೋದು ಕಷ್ಟ, ಬಯಲಲ್ಲಿ ನಿಂತವನಿಗೆ ಸುಲಭ. ವೈರಿ ಕಾಣ್ತಾನಾ ಅಂತ ನೋಡೋಕೆ ಬಗ್ಗಿ, ಗೊಂಬೆಯ ಕಣ್ಣಿನ ಮಟ್ಟಕ್ಕೆ ನಮ್ಮ ಕಣ್ಣು ಇಡಬೇಕು. ದೊಡ್ಡವರು ಮೇಜಿಗೆ ಗದ್ದ ಊರಿ ಒಂದು ಕಣ್ಣು ಮುಚ್ಚಿ ಕೂತಿರೋ ದೃಶ್ಯ ಮನೆಯವರಿಗೆ ಒಳ್ಳೆ ಮನರಂಜನೆ.

ಬೇರು ನಮ್ಮಲ್ಲೇ ಇದೆ. ಆನೆ, ರಥ, ಕುದುರೆ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳನ್ನು ಮಣೆಯ ಮೇಲೆ ತಂದ ಚತುರಂಗವೇ ಇಂಥ ಆಟಗಳ ಅಜ್ಜಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ದೊಡ್ಡ ಹುಚ್ಚಿನವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಕೊನೆಯ ಕೌತುಕನಿಧಿಯಲ್ಲಿ ಆಟಗಳದ್ದೇ ಕಾರುಬಾರು. ಆ ಪರಂಪರೆಯ ಮಣೆಗಳನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ತನ್ನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಮತ್ತೆ ಜನರ ಮುಂದೆ ಇಟ್ಟಿದೆ.

ಯುರೋಪಿನಲ್ಲಿ ಇದು ಬೇರೆ ದಾರಿ ಹಿಡೀತು. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ನಕ್ಷೆ, ದಾಳ ಮತ್ತು ಒಬ್ಬ ತೀರ್ಪುಗಾರನನ್ನು ಇಟ್ಟುಕೊಂಡು ಆಡುವ ‘ಕ್ರೀಗ್ಸ್‌ಶ್ಪೀಲ್’ ನಿಯಮಗಳನ್ನು ಪ್ರಕಟಿಸಿದ. ಅದು ಅಧಿಕಾರಿಗಳ ತರಬೇತಿಗೆ. ಅದನ್ನು ಮನೆಯ ನೆಲದ ಮೇಲಿನ ಆಟ ಮಾಡಿದವರಲ್ಲಿ ಮುಖ್ಯ ಹೆಸರು ವಿಜ್ಞಾನ ಕತೆಗಳ ಲೇಖಕ ಎಚ್. ಜಿ. ವೆಲ್ಸ್. 1913ರಲ್ಲಿ ಬಂದ ಅವರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಸ್ಪ್ರಿಂಗ್ ತೋಪಿನಿಂದ ತವರದ ಸೈನಿಕರನ್ನು ಬೀಳಿಸುವ ನಿಯಮಗಳಿವೆ. ಅದೇ ಪುಸ್ತಕದಲ್ಲಿ ನಿಜವಾದ ಯುದ್ಧ ಎಷ್ಟು ದೊಡ್ಡ ಮೂರ್ಖತನ ಅನ್ನೋದೂ ಇದೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು.

ಪೆಟ್ಟಿಗೆ ಬಿಚ್ಚುವ ಮೊದಲೇ ಜೇಬು ಖಾಲಿ

ಭಾರತದಲ್ಲಿ ಈ ಹವ್ಯಾಸಕ್ಕೆ ದೊಡ್ಡ ವೈರಿ ಬೆಲೆ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯ್ತು. ಇಲ್ಲಿನ ಆಟಿಕೆ ತಯಾರಕರಿಗೆ ಬಲ ಕೊಡಬೇಕು ಅನ್ನೋದು ಉದ್ದೇಶ. ಆದರೆ ಇಂಗ್ಲೆಂಡಿನಿಂದ ಹತ್ತು ಸೈನಿಕರ ಒಂದು ಪೆಟ್ಟಿಗೆ ತರಿಸುವವನಿಗೆ ಕೊರಿಯರ್, ಸುಂಕ, ಜಿಎಸ್‌ಟಿ ಎಲ್ಲ ಸೇರಿದಾಗ ‘ಇಷ್ಟಕ್ಕೆ ಒಂದು ಆಡು ಬರ್ತಿತ್ತು’ ಅಂತ ಅಪ್ಪಯ್ಯನಿಂದ ಕೇಳೋದು ತಪ್ಪೋದಿಲ್ಲ.

ಹಾಗಾಗಿ ನಮ್ಮಲ್ಲಿ ತುಂಬ ಜನ ತ್ರೀಡಿ ಪ್ರಿಂಟರ್ ಕಡೆ ವಾಲಿದ್ದಾರೆ. ಗೊಂಬೆಯ ಫೈಲ್ ಕೊಂಡರೆ ಸಾಕು, ಎಷ್ಟು ಬೇಕಾದರೂ ನಮಗಾಗಿ ಅಚ್ಚು ಹಾಕ್ಕೋಬಹುದು. ಸಣ್ಣ ಮುಖ, ಮೀಸೆ, ಗುಂಡಿ ಎಲ್ಲ ಸ್ಪಷ್ಟ ಬರಬೇಕು ಅಂದ್ರೆ ರಾಳದ ಪ್ರಿಂಟರ್ ಬೇಕು. ಅದರ ರಾಳ ಮೈಗೆ ತಾಗಬಾರದು, ವಾಸನೆ ಒಳ್ಳೇದಲ್ಲ. ಕೈಗವಸು ಹಾಕಿ, ಕಿಟಕಿ ತೆಗೆದು, ಅಡುಗೆಮನೆಯಿಂದ ದೂರ ಇಡಿ. ನನ್ನದು ಹಿಂದಿನ ಕೊಟ್ಟಿಗೆಯ ಮೂಲೆಯಲ್ಲಿದೆ. ಗಾಳಿಮಳೆಗೆ ಕರೆಂಟ್ ಹೋಗೋದು ನಮ್ಮೂರಲ್ಲಿ ಮಾಮೂಲು. ಆರು ತಾಸಿನ ಪ್ರಿಂಟು ಐದನೇ ತಾಸಿಗೆ ನಿಂತರೆ ಸಿಗೋದು ಸೊಂಟದ ಮೇಲೆ ಏನೂ ಇಲ್ಲದ ಸೈನಿಕರು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಬಣ್ಣದ ವಿಷಯದಲ್ಲಿ ಕರಾವಳಿಯ ಹವೆ ಬೇರೆಯೇ ಪಾಠ ಹೇಳುತ್ತೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಸ್ಪ್ರೇ ಪ್ರೈಮರ್ ಹೊಡೆಯೋದನ್ನೇ ತೋರಿಸ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗಾಳಿಯಲ್ಲೇ ನೀರಿರುತ್ತೆ. ಸ್ಪ್ರೇ ಹೊಡೆದರೆ ಗೊಂಬೆ ಮೇಲೆ ಬೂದಿ ಹಿಡಿದ ಹಾಗೆ ಬಿಳಿ ಪುಡಿ ಕೂರುತ್ತೆ. ಮಳೆಗಾಲಕ್ಕೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ರೇ ಸರಿ. ಉಳಿದದ್ದು ಚೌತಿ ಗಣಪತಿ ಮಾಡುವವರನ್ನು ನೋಡಿದ್ದರೆ ಅರ್ಥ ಆಗುತ್ತೆ. ಮೊದಲು ಇಡೀ ಮೈಗೆ ಒಂದು ಬಣ್ಣ, ಆಮೇಲೆ ಪಂಚೆ, ಕಿರೀಟ, ಒಡವೆ, ಕೊನೆಗೆ ಕಣ್ಣು. ನಾವು ನಡುವೆ ತೆಳು ಕಪ್ಪು ನೀರುಬಣ್ಣ ಬಳಿದು ಬಟ್ಟೆಯ ಮಡಿಕೆಯಲ್ಲಿ ನೆರಳು ತರ್ತೀವಿ, ಅಷ್ಟೇ ವ್ಯತ್ಯಾಸ.

ಡ್ರ್ಯಾಗನ್ ಬೇಡ, ಶರಾವತಿ ಸಾಕು

ಒಂದೆರಡು ವರ್ಷ ಅನ್ಯಗ್ರಹದ ಸೈನಿಕರನ್ನು ಕಾದಾಡಿಸಿದ ಮೇಲೆ ನಮ್ಮ ಗುಂಪಿಗೆ ಒಂದು ಯೋಚನೆ ಬಂತು. ನಾವು ನಾಲ್ವರು: ನಾನು, ಕುಮಟಾದ ಒಬ್ಬ ಮೇಷ್ಟ್ರು, ಹೊನ್ನಾವರದಲ್ಲಿ ಮೊಬೈಲ್ ಅಂಗಡಿ ಇಟ್ಟವ, ದುಬೈನಿಂದ ರಜೆಗೆ ಬರುವ ಭಟ್ಕಳದ ಗೆಳೆಯ. ನಮ್ಮ ತಾಲೂಕಿನಲ್ಲೇ ನಡೆದ ಯುದ್ಧ ಇರುವಾಗ ಬೇರೆ ಗ್ರಹ ಯಾಕೆ?

ಎರಡನೇ ಆಂಗ್ಲೋ ಮೈಸೂರು ಯುದ್ಧದ ಕತೆ ಇದು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಬಾಂಬೆ ಸೈನ್ಯ ಹೊನ್ನಾವರದ ಕೋಟೆ ಹಿಡಿದು, ಘಟ್ಟ ಹತ್ತಿ ಬಿದನೂರಿಗೆ ಹೋಯ್ತು. ಕೆಲವೇ ತಿಂಗಳಲ್ಲಿ ಟಿಪ್ಪು ಬಿದನೂರನ್ನು ವಾಪಸ್ ತಗೊಂಡ. ಹೊನ್ನಾವರದಲ್ಲಿ ಉಳಿದ ಕ್ಯಾಪ್ಟನ್ ಟೊರಿಯಾನೋನ ತುಕಡಿಯನ್ನು ಮೈಸೂರಿನ ಸರದಾರ ಲುತ್ಫ್ ಅಲಿ ಬೇಗ್ ಮುತ್ತಿದ. ಒಳಗೆ ಹಸಿವು, ರೋಗ. ಕೋಟೆ ತೆರವಾಗಿದ್ದು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದ ಆದ ಮೇಲೆಯೇ. ಜೇಮ್ಸ್ ಫೋರ್ಬ್ಸ್ 1813ರಲ್ಲಿ ಪ್ರಕಟಿಸಿದ ‘ಓರಿಯೆಂಟಲ್ ಮೆಮಾಯರ್ಸ್’ನಲ್ಲಿ ಈ ಮುತ್ತಿಗೆಯ ವಿವರ ಇದೆ. ನಾನು ಎಸ್ಸೆಸ್ಸೆಲ್ಸಿ ತನಕ ಇಲ್ಲೇ ಓದಿದವ. ಇದರ ಒಂದು ಸಾಲೂ ಯಾರೂ ಹೇಳಿರಲಿಲ್ಲ.

ಮೇಜು ತಯಾರಿಸೋಕೆ ಅಮೆಜಾನ್ ಬೇಕಾಗಲಿಲ್ಲ. ಥರ್ಮಾಕೋಲ್ ಕೊರೆದು ಇಟ್ಟಿಗೆ ಕೆಂಪು ಬಳಿದರೆ ಚಿರೆಕಲ್ಲಿನ ಗೋಡೆ. ಹಿಡಿಕಡ್ಡಿಗೆ ಹಸಿರು ಕಾಗದ ಕತ್ತರಿಸಿ ಅಂಟಿಸಿದರೆ ತೆಂಗಿನಮರ. ತೆಂಗಿನ ನಾರಿನಿಂದ ಹುಲ್ಲಿನ ಮಾಡು, ಅಡಿಕೆ ಹಾಳೆಯಿಂದ ದೋಣಿ. ಕಾಸರಕೋಡ ಕಡಲ ಮರಳನ್ನು ಉಪ್ಪು ಹೋಗೋ ತನಕ ತೊಳೆದು ಫೆವಿಕಾಲ್ ಹಚ್ಚಿ ಉದುರಿಸಿದರೆ ಅಳಿವೆ ದಂಡೆ ಸಿದ್ಧ.

ನಿಯಮ ಬರೆಯೋದು ಮಾತ್ರ ಸಾಫ್ಟ್‌ವೇರ್ ಕೆಲಸದ ಹಾಗೇ: ಬರಿ, ಆಡಿಸಿ ನೋಡು, ತಿದ್ದು. ಕಾಲವನ್ನು ಲೆಕ್ಕ ಹಾಕೋಕೆ ಮಳೆ ನಕ್ಷತ್ರಗಳನ್ನೇ ತಗೊಂಡ್ವಿ. ಒಂದು ಸುತ್ತು ಅಂದ್ರೆ ಒಂದು ಮಳೆ, ಹೆಚ್ಚುಕಡಿಮೆ ಎರಡು ವಾರ. ಮೃಗಶಿರದಿಂದ ಮಘೆ ತನಕ ಕಡಲು ಮುಚ್ಚಿರುತ್ತೆ, ಬಾಂಬೆಯಿಂದ ಹಡಗು ಬರೋದಿಲ್ಲ. ಆರಿದ್ರೆಯಲ್ಲಿ ದಾಳ ಒಂದು ಬಿದ್ದರೆ ಮದ್ದು ಒದ್ದೆ, ತೋಪು ಹಾರೋದಿಲ್ಲ. ಹೊರಗಿನವನಿಗೂ ಸುಖ ಇಲ್ಲ. ಕೆಸರಲ್ಲಿ ತೋಪು ಎಳೆಯೋದು ಅರ್ಧ ವೇಗದಲ್ಲಿ.

ಮೈಸೂರು ಸೈನ್ಯ ಅಂದಮೇಲೆ ರಾಕೆಟ್ ಇಡದೆ ಆಗುತ್ತಾ? ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿದ್ದು ನೆನಪಿರಬಹುದು. ಆ ನಗರವೇ ಅಂದಿನ ಬಿದನೂರು. ನಮ್ಮ ಆಟದ ರಾಕೆಟ್ಟು ದೂರ ಹೋಗುತ್ತೆ, ಆದರೆ ಎಲ್ಲಿಗೆ ಅನ್ನೋದು ದಾಳಕ್ಕೆ ಬಿಟ್ಟಿದ್ದು. ಒಮ್ಮೊಮ್ಮೆ ಹಾರಿಸಿದವನ ಡೇರೆಗೇ ವಾಪಸ್ ಬರುತ್ತೆ.

ಭಾಗವತರು ಬೇಕು

ಇಡಗುಂಜಿ ಅಂದರೆ ದ್ವಿಭುಜ ಗಣಪತಿಯ ಜೊತೆ ನೆನಪಾಗೋದು ಕೆರೆಮನೆ ಮೇಳ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಅದು. ಯಕ್ಷಗಾನ ನೋಡಿ ಬೆಳೆದವರಿಗೆ ಈ ಗೊಂಬೆ ಆಟ ವಿವರಿಸೋದು ಸುಲಭ. ರಂಗದ ಮೇಲೆ ಇಬ್ಬರು ವೇಷಧಾರಿಗಳು ಯುದ್ಧದ ಕುಣಿತ ಕುಣಿದರೆ ನಾವು ಎರಡು ಅಕ್ಷೌಹಿಣಿ ಕಾಣ್ತೀವಿ. ಇಲ್ಲೂ ಹಾಗೇ, ಮೇಜಿನ ಒಂದು ಗೊಂಬೆ ಅಂದರೆ ಇಪ್ಪತ್ತು ಸೈನಿಕರು. ನಿಯಮ ಪುಸ್ತಕ ಅಂದರೆ ಪ್ರಸಂಗ. ಅರ್ಥ ಹೇಳೋದು ಆಡುವವರಿಗೆ ಬಿಟ್ಟದ್ದು. ಎರಡೂ ಕಡೆಯವರಿಗೆ ಗೊತ್ತಿಲ್ಲದ್ದನ್ನು ತಿಳಿದು ಆಟ ನಡೆಸುವ ತೀರ್ಪುಗಾರನನ್ನು ನಾವು ಭಾಗವತರು ಅಂತಲೇ ಕರೀತೀವಿ.

ಈ ಹೋಲಿಕೆ ಇನ್ನೊಂದು ಕಷ್ಟಕ್ಕೂ ದಾರಿ ತೋರಿಸಿತು. ಟಿಪ್ಪು ಹೆಸರು ಬಂದರೆ ನಮ್ಮ ಕಡೆ ಚಾ ಅಂಗಡಿಯಲ್ಲೂ ಎರಡು ಬಣ ಆಗುತ್ತೆ. ನಮ್ಮ ನಾಲ್ವರಲ್ಲೂ ಒಮ್ಮತ ಇಲ್ಲ. ಯಾರು ಯಾವ ಪಕ್ಷ ಅನ್ನೋ ಮಾತು ಬಂದಾಗ ಮೇಜಿನ ಸುತ್ತ ಸ್ವಲ್ಪ ಹೊತ್ತು ಮೌನ ಆಯ್ತು. ‘ಇವತ್ತು ರಾಮ ಮಾಡಿದವ ನಾಳೆ ರಾವಣ ಮಾಡೋದಿಲ್ವಾ?’ ಅಂದರು ಮೇಷ್ಟ್ರು. ಅಲ್ಲಿಗೆ ನಿಯಮ ಆಯ್ತು: ಚೀಟಿ ಎತ್ತಿ ಪಕ್ಷ, ಮುಂದಿನ ವಾರ ಅದಲು ಬದಲು. ಎರಡೂ ಕಡೆ ಆಡದವನಿಗೆ ವಾದ ಮಾಡುವ ಹಕ್ಕಿಲ್ಲ. ಕೋಟೆಯೊಳಗೆ ಕೂತು ಅಕ್ಕಿ ಎಣಿಸಿದ ಮೇಲೆ, ಹೊರಗೆ ಕೆಸರಲ್ಲಿ ತೋಪು ಎಳೆದ ಮೇಲೆ, ಘೋಷಣೆಯ ದನಿ ತಾನಾಗೇ ಇಳಿಯುತ್ತೆ. ಅಭಿಪ್ರಾಯ ಬದಲಾಗಿದೆ ಅಂತ ನಾನು ಹೇಳ್ತಿಲ್ಲ. ಜಗಳ ಬಿಟ್ಟು ಪ್ರಶ್ನೆ ಕೇಳೋಕೆ ಶುರು ಮಾಡಿದ್ದೀವಿ, ಅಷ್ಟು.

‘ಊರ ಜನ ಎಲ್ಲಿ, ಮಾಣಿ?’

ಆಟಕ್ಕೆ ನಿಜವಾದ ತಿರುವು ಕೊಟ್ಟಿದ್ದು ಆಯಿ. ಒಂದು ಭಾನುವಾರ ಚಾ ತಂದವರು ಮೇಜನ್ನು ಒಂದು ಸುತ್ತು ನೋಡಿ ಕೇಳಿದ್ದು ಇಷ್ಟೇ: ‘ಮನೆ ಇದ್ದು, ದೋಣಿ ಇದ್ದು, ಗದ್ದೆ ಇದ್ದು. ಊರ ಜನ ಎಲ್ಲಿ, ಮಾಣಿ?’

ಮುತ್ತಿಗೆಯ ಕತೆಗಳಲ್ಲಿ ಸೇನಾಪತಿಗಳ ಹೆಸರಿರುತ್ತೆ. ಆ ತೋಪು ಎಳೆದವರು, ಅಕ್ಕಿ ಕಳಕೊಂಡವರು, ದೋಣಿ ಬಿಟ್ಟುಕೊಟ್ಟವರು ಇರೋದಿಲ್ಲ. ಹಾಗಾಗಿ ಮೂರನೇ ಪಕ್ಷ ಒಂದನ್ನು ಸೇರಿಸಿದೆವು, ಹೆಸರು ‘ಊರು’. ಇದಕ್ಕೆ ಸೈನಿಕರಿಲ್ಲ, ಆಯುಧ ಇಲ್ಲ. ಹತ್ತು ಮನೆ, ಆರು ದೋಣಿ, ಒಂದು ರಾಶಿ ಭತ್ತ. ಎರಡೂ ಸೈನ್ಯಗಳಿಗೆ ಅದೇ ಭತ್ತ, ಅದೇ ದೋಣಿ ಬೇಕು. ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಬಚ್ಚಿಡಬೇಕು, ಯಾವಾಗ ಮನೆ ಬಿಟ್ಟು ಹೊಳೆ ದಾಟಬೇಕು ಅನ್ನೋದು ಊರಿನ ಆಟ. ಗೆಲ್ಲೋದು ಅಂದ್ರೆ ಹಸ್ತ ಮಳೆ ತನಕ ಆರು ಮನೆಯಾದರೂ ಉಳಿಯಬೇಕು.

ಹುಲಿಕುರಿ ಆಟ ಗೊತ್ತಿದ್ದವರಿಗೆ ಇದು ಹೊಸದಲ್ಲ. ಕುರಿ ಹುಲಿಯನ್ನು ಕೊಲ್ಲೋದಿಲ್ಲ, ಒಟ್ಟಾಗಿ ದಾರಿ ಕಟ್ಟುತ್ತೆ. ಆಯಿ ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡಿದವರು. ಊರಿನ ಪಕ್ಷವನ್ನು ಮೊದಲು ಆಡಿದ್ದೂ ಅವರೇ. ಮೊದಲ ಎರಡು ಮಳೆಗೆ ಎರಡೂ ಕಡೆಗೆ ನಗುತ್ತಾ ಅಕ್ಕಿ ಕೊಟ್ಟರು, ಮೂರನೆಯದಕ್ಕೆ ದೋಣಿಗಳನ್ನೆಲ್ಲ ಹೊಳೆಯ ಮೇಲ್ಗಡೆ ಸಾಗಿಸಿಬಿಟ್ಟರು. ಇಬ್ಬರು ಇಂಜಿನಿಯರು, ಒಬ್ಬ ಮೇಷ್ಟ್ರು, ಒಬ್ಬ ವ್ಯಾಪಾರಿ ಲೆಕ್ಕ ಹಾಕುತ್ತ ಕೂತಿರುವಾಗ ಏಳು ಮನೆ ಉಳಿಸಿ ಎದ್ದು ಹೋದರು. ಈಗ ನಮ್ಮಲ್ಲಿ ಎಲ್ಲರೂ ಕಷ್ಟದ್ದು ಅಂತ ಒಪ್ಪುವ ಪಕ್ಷ ಅದೇ.

ನೀವೂ ಶುರು ಮಾಡೋದಾದ್ರೆ

ದುಬಾರಿ ಪೆಟ್ಟಿಗೆಯಿಂದ ಶುರು ಮಾಡಬೇಡಿ. ‘ಒನ್ ಪೇಜ್ ರೂಲ್ಸ್’ ಥರದ ಉಚಿತ ನಿಯಮಗಳು ಸಿಗುತ್ತವೆ. ಮೊದಲ ನಾಲ್ಕು ಆಟಕ್ಕೆ ರಟ್ಟಿನ ತುಂಡು, ಹುಣಸೆಬೀಜ, ಗುಂಡಿ ಸಾಕು. ಆಟ ಹಿಡಿಸಿದರೆ ಆಮೇಲೆ ಹತ್ತು ಗೊಂಬೆ. ಎರಡು ಒಳ್ಳೆ ಬ್ರಷ್, ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ, ಕಂದು ಅಕ್ರಿಲಿಕ್ ಬಣ್ಣ ಇದ್ದರೆ ಒಂದು ಸೈನ್ಯ ಮುಗಿಯುತ್ತೆ. ದಿನಕ್ಕೆ ಅರ್ಧ ಗಂಟೆ ಮೀಸಲಿಡಿ, ಆ ಅರ್ಧ ಗಂಟೆ ಫೋನ್ ಬೇರೆ ಕೋಣೆಯಲ್ಲಿರಲಿ. ಎರಡು ಮಿಲಿಮೀಟರ್ ಮುಖಕ್ಕೆ ಮೀಸೆ ಬರೆಯುವಾಗ ಆಫೀಸಿನ ಮೇಲ್ ನೆನಪಾಗೋದಿಲ್ಲ ಅನ್ನೋದು ನನ್ನ ಖಾತ್ರಿ.

ಕೊನೆಯದಾಗಿ, ಆಡೋಕೆ ಕತೆ ಹುಡುಕುವಾಗ ಮನೆಯ ಹತ್ತಿರದಿಂದ ಶುರು ಮಾಡಿ. ನಮ್ಮ ಪಟ್ಟಿಯಲ್ಲಿ ಮುಂದಿನದು ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದವಳು. ಅದಕ್ಕೆ ದೋಣಿ ಹೆಚ್ಚು ಬೇಕು, ಅಡಿಕೆ ಹಾಳೆ ಒಣಗೋಕೆ ಹಾಕಿದ್ದೀವಿ. ನಿಮ್ಮೂರ ಹತ್ತಿರವೂ ಒಂದು ಕೋಟೆ, ಒಂದು ಹಾಳು ಬುರುಜು, ಒಂದು ವೀರಗಲ್ಲು ಇದ್ದೇ ಇರುತ್ತೆ. ಅದರ ಕತೆ ಹುಡುಕಿ, ಮೇಜಿಗೆ ತನ್ನಿ. ಸೈನ್ಯ ಇಡುವ ಮೊದಲು ಊರು ಇಡೋದನ್ನು ಮರೀಬೇಡಿ.